ರಜೆಗೆ ಹೊರಟಾಗ ಮನೆಯ ಮೊಲವನ್ನು ಯಾರಿಗೆ ಒಪ್ಪಿಸುವುದು, ಹೇಗೆ ಒಪ್ಪಿಸುವುದು

ಏಪ್ರಿಲ್‌ನಲ್ಲಿ ಮಕ್ಕಳ ಪರೀಕ್ಷೆ ಮುಗಿಯುತ್ತಿದ್ದಂತೆ, ಆಮೇಲೆ ದಸರಾ ರಜೆ ಹತ್ತಿರ ಬರುತ್ತಿದ್ದಂತೆ, ಮೊಲ ಸಾಕಿದವರ ಮನೆಯಲ್ಲಿ ಒಂದೇ ಚರ್ಚೆ: ನಾವು ಹೊರಟರೆ ಇದನ್ನು ನೋಡಿಕೊಳ್ಳುವವರು ಯಾರು? ನಾಯಿಯಾದರೆ ಬೆಂಗಳೂರಿನಂಥ ಊರಿನಲ್ಲಿ ಬೋರ್ಡಿಂಗ್ ಹುಡುಕುವುದು ಕಷ್ಟವಲ್ಲ. ಮೊಲದ ಲೆಕ್ಕ ಬೇರೆ. ಕಾಡಿನಲ್ಲಿ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವ ಇದು, ನೋವನ್ನು ತೋರಿಸಿಕೊಳ್ಳುವುದಿಲ್ಲ. ಕಾಯಿಲೆ ಬಿದ್ದರೂ ಮೂಲೆಯಲ್ಲಿ ಮುದುರಿಕೊಂಡು ಸುಮ್ಮನೆ ಕೂರುತ್ತದೆ. ನೋಡಿದವರು "ಪಾಪ, ನಿದ್ದೆ ಮಾಡ್ತಿದೆ" ಎಂದುಕೊಂಡು ಬಾಗಿಲು ಎಳೆದುಕೊಂಡು ಹೋಗುತ್ತಾರೆ.

ಆದರೆ ಅದರ ಕರುಳು ಮಾತ್ರ ಹಗಲೂ ರಾತ್ರಿ ಕೆಲಸ ಮಾಡುತ್ತಲೇ ಇರಬೇಕು. ನಾರು ಒಳಗೆ ಹೋಗುತ್ತಿರಬೇಕು, ಹಿಕ್ಕೆ ಹೊರಗೆ ಬೀಳುತ್ತಿರಬೇಕು. 12 ಗಂಟೆ ಏನೂ ತಿಂದಿಲ್ಲ, ಹಿಕ್ಕೆಯೂ ಇಲ್ಲ ಎಂದರೆ ನಾಳೆ ನೋಡೋಣ ಎನ್ನುವ ಹಾಗಿಲ್ಲ. ಡಾಕ್ಟರುಗಳು ಜಿಐ ಸ್ಟೇಸಿಸ್ ಎನ್ನುವುದು ಇದಕ್ಕೇ. ಕರುಳು ನಿಧಾನವಾಗಿ ನಿಂತು, ಒಳಗೆ ಗ್ಯಾಸ್ ತುಂಬಿ, ಒಂದೆರಡು ದಿನದಲ್ಲೇ ಪ್ರಾಣಕ್ಕೆ ಕುತ್ತು ತರುತ್ತದೆ. ಜಾಗ ಬದಲಾದ ಗಾಬರಿ, ಊಟ ಬದಲಾದ ಕಿರಿಕಿರಿ, ಸೆಕೆ ಇವೆಲ್ಲ ಅದಕ್ಕೆ ಕಾರಣಗಳು. ನಾವು ರಜೆಗೆ ಹೋದಾಗ ಈ ಮೂರೂ ಒಟ್ಟಿಗೆ ಒದಗಿಬರುತ್ತವೆ.

ಹಾಗಾಗಿ ನೀವು ಹುಡುಕಬೇಕಾದದ್ದು ಮೊಲವನ್ನು ಎತ್ತಿ ಮುದ್ದಾಡುವವರನ್ನಲ್ಲ, ದಿನಕ್ಕೆ ಎರಡು ಸಲ ಬಗ್ಗಿ ಟ್ರೇ ನೋಡಿ ಹಿಕ್ಕೆ ಎಷ್ಟಿದೆ ಎಂದು ಹೇಳುವವರನ್ನು. ಮಿಕ್ಕ ತಯಾರಿಯೆಲ್ಲ ಇದರ ಸುತ್ತಲೇ.

ಮೊದಲು ತೀರ್ಮಾನಿಸಬೇಕಾದದ್ದು: ಮೊಲ ಎಲ್ಲಿರುತ್ತದೆ?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೊಲ ತನ್ನ ಜಾಗದಲ್ಲೇ ಇರಲಿ, ಮನುಷ್ಯರು ಬಂದು ಹೋಗಲಿ. ಮೊಲಕ್ಕೆ ತನ್ನ ಮೂಲೆ, ತನ್ನ ವಾಸನೆ, ತನ್ನ ಟ್ರೇ ಇದ್ದರೆ ಅರ್ಧ ಧೈರ್ಯ. ಆದ್ದರಿಂದ ಮೊದಲ ಆಯ್ಕೆ ನಿಮ್ಮ ಮನೆಗೇ ಬಂದು ಉಳಿಯುವವರು: ಪಿಜಿಯಲ್ಲಿರುವ ತಂಗಿ, ಕಾಲೇಜಿಗೆ ಹೋಗುವ ಅಣ್ಣನ ಮಗ, ಹೀಗೆ. ಇಂಥವರಿಗೆ ನಿಮ್ಮ ಮನೆಯ ವೈಫೈ ಮತ್ತು ತುಂಬಿದ ಫ್ರಿಜ್ಜೇ ಸಾಕಷ್ಟು ಆಕರ್ಷಣೆ.

ಎರಡನೆಯದು, ಬೆಳಿಗ್ಗೆ ಸಂಜೆ ಬಂದು ಹೋಗುವವರು: ಅದೇ ಅಪಾರ್ಟ್‌ಮೆಂಟಿನ ಸ್ನೇಹಿತರು, ಎದುರು ಮನೆಯವರು, ಅಥವಾ ದುಡ್ಡು ತೆಗೆದುಕೊಂಡು ಮನೆಗೆ ಬರುವ ಪೆಟ್ ಸಿಟ್ಟರ್. ದಿನಕ್ಕೊಮ್ಮೆ ಬರುತ್ತೇನೆ ಎನ್ನುವವರನ್ನು ಒಪ್ಪಬೇಡಿ. ಬೆಳಿಗ್ಗೆ 8ಕ್ಕೆ ನೋಡಿ ಹೋದವರು ಮಾರನೆಯ ದಿನ 8ಕ್ಕೆ ಬಂದರೆ, ನಡುವೆ ಮೊಲ ಊಟ ಬಿಟ್ಟದ್ದು ಗೊತ್ತಾಗುವಷ್ಟರಲ್ಲಿ ಪೂರ್ತಿ ಒಂದು ದಿನ ಕಳೆದಿರುತ್ತದೆ.

ಮೂರನೆಯದು, ಇನ್ನೊಬ್ಬರ ಮನೆಗೆ ಒಯ್ದು ಬಿಡುವುದು. ಮೊಲ ಸಾಕಿ ಗೊತ್ತಿರುವವರ ಮನೆಯಾದರೆ ಒಳ್ಳೆಯದೇ. ಆದರೆ ಅವರ ಮೊಲದ ಜೊತೆ ನಿಮ್ಮದನ್ನು ಬಿಡಲು ಹೋಗಬೇಡಿ. ಮೊಲಗಳಿಗೆ ಜಾಗದ ಮೇಲೆ ವಿಪರೀತ ಹಕ್ಕು, ಹೊಸಬರನ್ನು ಕಂಡರೆ ಕಚ್ಚಿ ಚರ್ಮ ಹರಿಯುತ್ತವೆ. ಜಗಳವಾಡದೇ ಹೋದರೆ ಇನ್ನೊಂದು ಕಥೆ. ಮರಿಯಾಗದಂತೆ ಮಾಡುವ ಆಪರೇಷನ್ ಆಗದ ಗಂಡು ಹೆಣ್ಣು ನಿಮಿಷದ ಮಟ್ಟಿಗೆ ಜೊತೆಯಾದರೂ ಸುಮಾರು 31 ದಿನಕ್ಕೆ ಮರಿಗಳು. ಒಂದೇ ಮನೆಯ ಎರಡು ಕೋಣೆ, ನಡುವೆ ಮುಚ್ಚಿದ ಬಾಗಿಲು, ಅಷ್ಟು ಇರಲೇಬೇಕು. ನಿಮ್ಮಲ್ಲೇ ಒಟ್ಟಿಗೆ ಬೆಳೆದ ಜೋಡಿ ಇದ್ದರೆ ಮಾತ್ರ ಅವನ್ನು ಯಾವ ಕಾರಣಕ್ಕೂ ಬೇರೆ ಮಾಡಬೇಡಿ, ಡಾಕ್ಟರ ಹತ್ತಿರ ಹೋಗುವಾಗಲೂ.

ಬೋರ್ಡಿಂಗ್ ನಾಲ್ಕನೆಯದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಒಂದು ರಾತ್ರಿಯ ಮದುವೆ ಮನೆ ಅಷ್ಟೇ, ಹುಲ್ಲು ನೀರು ಇಟ್ಟು ಹೋಗಬಹುದಲ್ಲ ಎಂದು ಕೇಳುತ್ತೀರಿ. ಸಂಜೆ ಹೊರಟು ಮರುದಿನ ಬೆಳಿಗ್ಗೆ ಬರುವುದಾದರೆ ಆದೀತು, ಅದೂ ಆರೋಗ್ಯವಾಗಿರುವ ದೊಡ್ಡ ಮೊಲವಾದರೆ, ಚಳಿಗಾಲವಾದರೆ. ಅದಕ್ಕಿಂತ ಹೆಚ್ಚಾದರೆ ಯಾರಾದರೂ ಬಂದು ನೋಡಲೇಬೇಕು. ತಾನಾಗಿ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ) ಉದುರಿಸುವ ಮೆಷಿನ್ ತಿನ್ನಲು ಹಾಕುತ್ತದೆಯೇ ಹೊರತು ತಿಂದಿತೋ ಇಲ್ಲವೋ ಎಂದು ಹೇಳುವುದಿಲ್ಲ. ಟ್ರೇ ಮತ್ತು ಹುಲ್ಲಿನ ಬುಟ್ಟಿ ಎರಡೂ ಕಾಣುವ ಹಾಗೆ ಒಂದು ವೈಫೈ ಕ್ಯಾಮೆರಾ ಇಟ್ಟರೆ ಉಪಯೋಗವಿದೆ. ಆದರೆ ಕರೆಂಟು ಹೋದರೆ ಅದೂ ಕುರುಡು.

ಒಂದು ತಿಂಗಳು ಮೊದಲು: ಡಾಕ್ಟರು

ಟಿಕೆಟ್ ಬುಕ್ ಮಾಡಿದ ವಾರವೇ ಈ ಕೆಲಸ ಮುಗಿಸಿ. ನಾಯಿ ಬೆಕ್ಕು ನೋಡುವ ಕ್ಲಿನಿಕ್‌ಗಳೆಲ್ಲ ಮೊಲ ನೋಡುವುದಿಲ್ಲ, ನೋಡುತ್ತೇವೆ ಎನ್ನುವವರಿಗೆಲ್ಲ ಮೊಲ ಗೊತ್ತಿರುವುದೂ ಇಲ್ಲ. ಬೆಂಗಳೂರಿನಲ್ಲಿ ಎಕ್ಸಾಟಿಕ್, ಅಂದರೆ ನಾಯಿ ಬೆಕ್ಕಲ್ಲದ ಸಾಕುಪ್ರಾಣಿಗಳನ್ನು ನೋಡುವ ಖಾಸಗಿ ಡಾಕ್ಟರುಗಳು ಇದ್ದಾರೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಶಿವಮೊಗ್ಗ, ಹಾಸನ, ಬೀದರ್ ಕಡೆಯವರಿಗೂ ಅಲ್ಲಲ್ಲಿನ ಪಶುವೈದ್ಯಕೀಯ ಕಾಲೇಜುಗಳಿವೆ. ಫೋನ್ ಮಾಡಿ ಕೇಳಿಯೇ ಹೋಗಿ.

ಡಾಕ್ಟರಿಗೆ ಮೊಲದ ಅನುಭವ ಎಷ್ಟಿದೆ ಎಂದು ಮರ್ಯಾದೆಗೆಡದೆ ತಿಳಿಯಲು ಒಂದು ಪ್ರಶ್ನೆ ಇದೆ: "ಡಾಕ್ಟ್ರೇ, ಆಪರೇಷನ್ ಮಾಡಿಸೋದಾದ್ರೆ ಹಿಂದಿನ ರಾತ್ರಿಯಿಂದ ಉಪವಾಸ ಇಡಬೇಕಾ?" ನಾಯಿಗೆ ಇಡಬೇಕು. ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ, ಉಪವಾಸ ಇಟ್ಟರೆ ಕರುಳು ನಿಲ್ಲುವ ಅಪಾಯವೇ ಹೆಚ್ಚು. "ಬೇಡ, ಹುಲ್ಲು ತಿನ್ನಲಿ ಬಿಡಿ" ಎಂದವರನ್ನು ನಂಬಬಹುದು. ಇನ್ನೊಂದು, ಬಾಯಿಗೆ ಹಾಕುವ ಅಮಾಕ್ಸಿಸಿಲಿನ್. ಮನುಷ್ಯರಿಗೂ ನಾಯಿಗೂ ಸಲೀಸಾಗಿ ಬರೆದುಕೊಡುವ ಈ ಔಷಧಿ ಮೊಲದ ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಅದನ್ನೇ ಬಲಿ ತೆಗೆದುಕೊಳ್ಳಬಹುದು. ನಾಯಿಗೆ ಉಣ್ಣಿ ಹತ್ತದಂತೆ ಕತ್ತಿಗೆ ಬಿಡುವ ಫಿಪ್ರೋನಿಲ್ ಹನಿಯೂ ಮೊಲಕ್ಕೆ ವಿಷ. ನೀವಿಲ್ಲದಾಗ ನಿಮ್ಮವರು ಗಾಬರಿಯಲ್ಲಿ ಹತ್ತಿರದ ಯಾವುದೋ ಕ್ಲಿನಿಕ್‌ಗೆ ಓಡಿದರೆ ಈ ಎರಡು ಹೆಸರು ಅವರ ಬಳಿ ಬರೆದಿಟ್ಟಿರಬೇಕು.

ಈ ಭೇಟಿಯಲ್ಲೇ ಹಲ್ಲು ತೋರಿಸಿ. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತದೆ, ದವಡೆಯ ಒಳಗಿನ ಹಲ್ಲು ಚೂಪಾಗಿ ನಾಲಿಗೆಗೆ ತಾಗುತ್ತಿದ್ದರೆ ನಮಗೆ ಕಾಣುವುದಿಲ್ಲ. ಉಗುರು ಕತ್ತರಿಸಿಸಿ. ಅಂಗೋರಾದಂಥ ಉದ್ದ ಕೂದಲಿನದಾದರೆ ಹಿಂಭಾಗದ ಕೂದಲನ್ನು ಗಿಡ್ಡ ಮಾಡಿಸಿ, ನೋಡಿಕೊಳ್ಳುವವರಿಗೆ ದಿನಾ ಬಾಚುವ ಕೆಲಸ ತಪ್ಪುತ್ತದೆ. ತೂಕ ಬರೆದುಕೊಳ್ಳಿ. ಗಂಡು ಹೆಣ್ಣಿನ ಆಪರೇಷನ್ ಮಾಡಿಸುವುದಿದ್ದರೆ ಬೇಗ ಮಾಡಿಸಿ, ಹೊರಡುವ ವಾರದಲ್ಲಿ ಬೇಡ.

ಮುಂಗಡವಾಗಿ ಒಂದು ಪತ್ರ ಬರೆದು ಸಹಿ ಹಾಕಿ: ನಾನಿಲ್ಲದಾಗ ಇಂಥವರು ಮೊಲವನ್ನು ತಂದರೆ ಚಿಕಿತ್ಸೆ ಕೊಡಿ, ಇಷ್ಟು ಮೊತ್ತದವರೆಗೆ ನನ್ನನ್ನು ಕೇಳುವ ಅಗತ್ಯವಿಲ್ಲ, ಹಣ ನಾನು ಯುಪಿಐನಲ್ಲಿ ಕಳಿಸುತ್ತೇನೆ. ಒಂದು ಪ್ರತಿ ಕ್ಲಿನಿಕ್‌ಗೆ, ಒಂದು ನೋಡಿಕೊಳ್ಳುವವರಿಗೆ. ನೀವು ಕುದುರೆಮುಖದ ಯಾವುದೋ ಹೋಮ್‌ಸ್ಟೇಯಲ್ಲಿ ನೆಟ್‌ವರ್ಕ್ ಇಲ್ಲದೆ ಕೂತಿರುವಾಗ ಈ ಕಾಗದ ಎಷ್ಟು ಬೆಲೆಬಾಳುತ್ತದೆ ಎಂದು ಗೊತ್ತಾಗುತ್ತದೆ. ರಾತ್ರಿ ತೆರೆದಿರುವ ಇನ್ನೊಂದು ಆಸ್ಪತ್ರೆಯ ಹೆಸರೂ ಅದರಲ್ಲಿರಲಿ.

ನೋಡಿಕೊಳ್ಳುವವರಿಗೆ ಪಾಠ

ಮೊಲವನ್ನು ಒಪ್ಪಿಸುವ ಮೊದಲು ಅವರನ್ನು ಮನೆಗೆ ಕರೆದು ಕಾಫಿ ಕೊಟ್ಟು, ಒಂದು ಹೊತ್ತಿನ ಕೆಲಸವನ್ನು ಅವರ ಕೈಯಿಂದಲೇ ಮಾಡಿಸಿ. ನೀವು ಮಾಡಿ ತೋರಿಸುವುದಲ್ಲ. ಅವರು ಮಾಡಲಿ, ನೀವು ನೋಡುತ್ತಿರಿ. ಆಮೇಲೆ ಒಂದು ಶನಿವಾರ ಭಾನುವಾರ ನೀವು ಹೊರಗಿದ್ದು ಅವರಿಗೇ ಬಿಟ್ಟು ನೋಡಿ. ಬೀಗ ತೆಗೆಯಲು ಬರುತ್ತದೆಯೇ, ಗೇಟಿನ ಆ್ಯಪ್‌ನಲ್ಲಿ ಅವರ ಹೆಸರು ಸೇರಿದೆಯೇ, ಸೆಕ್ಯುರಿಟಿಯವರು ತಡೆಯುತ್ತಾರೆಯೇ ಎಂಬುದೆಲ್ಲ ಇಲ್ಲೇ ಬಯಲಾಗುತ್ತದೆ.

ಟ್ರೇ ಪಾಠದಿಂದ ಶುರು ಮಾಡಿ. ಆರೋಗ್ಯವಂತ ಮೊಲದ ಹಿಕ್ಕೆ ದುಂಡಗೆ, ಒಣಗಿ, ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಇರುತ್ತದೆ. ಬೆರಳಲ್ಲಿ ಹಿಚುಕಿದರೆ ಪುಡಿಯಾಗಿ ಒಳಗೆ ಹುಲ್ಲಿನ ನಾರು ಕಾಣುತ್ತದೆ. ವಾಸನೆ ಇರುವುದಿಲ್ಲ ಎನ್ನಬಹುದು. ದಿನಕ್ಕೆ 200ರಿಂದ 300 ಬೀಳುವುದು ಸಾಮಾನ್ಯ, ಎಣಿಸಲು ಹೋಗಬೇಕಿಲ್ಲ, ನಿನ್ನೆಯಷ್ಟೇ ಇದೆಯೇ ಎಂದು ಕಣ್ಣಂದಾಜು ಸಾಕು. ಕೆಲವೊಮ್ಮೆ ದ್ರಾಕ್ಷಿ ಗೊಂಚಲಿನಂತೆ ಅಂಟಿಕೊಂಡ, ಕಪ್ಪಗೆ ಹೊಳೆಯುವ, ಮೆತ್ತನೆಯ ಹಿಕ್ಕೆ ಕಾಣುತ್ತದೆ. ಅದು ಭೇದಿಯಲ್ಲ. ಮೊಲ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೆ ತಿನ್ನುತ್ತದೆ, ಅದರಲ್ಲೇ ಅದಕ್ಕೆ ಬೇಕಾದ ವಿಟಮಿನ್ನು ಪ್ರೋಟೀನು ಇರುವುದು. ಇದನ್ನು ಮೊದಲೇ ಹೇಳದಿದ್ದರೆ ಮೊದಲ ಸಲ ನೋಡಿದವರು "ಛೀ, ಗಲೀಜು ತಿಂತಿದೆ" ಎಂದು ಓಡಿಸುತ್ತಾರೆ.

ಹಿಕ್ಕೆ ಚಿಕ್ಕದಾಗಿ ಗಟ್ಟಿಯಾಗುವುದು, ಕೂದಲಿನಿಂದ ಪೋಣಿಸಿದ ಸರದಂತೆ ಬರುವುದು, ಎಂದಿನ ಅರ್ಧಕ್ಕೆ ಇಳಿಯುವುದು, ಇವು ಎಚ್ಚರಿಕೆ. ಜೊತೆಗೆ ಬೆನ್ನು ಗೂನಾಗಿಸಿ ಕೂತಿದೆ, ಹಲ್ಲು ಜೋರಾಗಿ ಕಟಕಟ ಕಡಿಯುತ್ತಿದೆ, ಕಿವಿ ತಣ್ಣಗಿದೆ, ತನಗೆ ಪ್ರಾಣವಾದ ಕೊತ್ತಂಬರಿಯನ್ನೂ ಮೂಸಿ ಮುಖ ತಿರುಗಿಸಿತು ಎಂದರೆ ಆಟೋ ಕರೆದು ಹೊರಡುವುದೇ. ನಿಮಗೆ ಫೋನ್ ದಾರಿಯಲ್ಲಿ ಮಾಡಲಿ. ಓಮದ ನೀರು, ಇಂಗು, ಮಗುವಿನ ಗ್ರೈಪ್ ವಾಟರ್ ಯಾವುದೂ ಬೇಡ. ಹೊಟ್ಟೆ ಉಬ್ಬಿ ಗಟ್ಟಿಯಾಗಿದ್ದಾಗ ಸಿರಿಂಜಿನಲ್ಲಿ ಬಲವಂತವಾಗಿ ತಿನ್ನಿಸಿದರೆ ಅಪಾಯ ಹೆಚ್ಚುತ್ತದೆ, ಅದನ್ನು ಡಾಕ್ಟರೇ ತೀರ್ಮಾನಿಸಬೇಕು. ಇಡೀ ಮಾರ್ಗದರ್ಶಿಯಲ್ಲಿ ಇದೊಂದು ಪ್ಯಾರಾ ಅವರಿಗೆ ಬಾಯಿಪಾಠವಾದರೆ ಸಾಕು.

ಎತ್ತುವುದನ್ನೂ ಹೇಳಿಕೊಡಿ, ಆದರೆ ಎತ್ತದಿರಲು ಹೇಳಿ. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಬದಿಯ ಕೆಳಗೆ, ಮೈಗೆ ಒತ್ತಿ ಹಿಡಿಯುವುದು. ಹಿಂಗಾಲಿಗೆ ಆಧಾರವಿಲ್ಲದಿದ್ದರೆ ಅದು ಒದೆಯುವ ರಭಸಕ್ಕೆ ಅದರ ಬೆನ್ನುಮೂಳೆಯೇ ಮುರಿಯಬಹುದು. ಕಿವಿ ಹಿಡಿದು ಎತ್ತುವುದನ್ನು ಚಿತ್ರಗಳಲ್ಲಿ ನೋಡಿದವರು ಇನ್ನೂ ಇದ್ದಾರೆ, ಅವರಿಗೆ ಸ್ಪಷ್ಟವಾಗಿ ಹೇಳಿ. ಮಕ್ಕಳಿರುವ ಮನೆಯವರಾದರೆ "ನೆಲದಲ್ಲಿ ಕೂತು ಆಟ ಆಡಿ, ಎತ್ತಬೇಡಿ" ಎಂಬುದು ನಿಯಮ.

ಊಟದ ವಿಷಯ, ಅಂದರೆ ನಮ್ಮವರ ಪ್ರೀತಿಯ ವಿಷಯ

ನಮ್ಮ ಕಡೆ ಒಂದು ಜೀವವನ್ನು ನೋಡಿಕೊಳ್ಳುವುದೆಂದರೆ ಅದಕ್ಕೆ ಏನಾದರೂ ತಿನ್ನಿಸುವುದು. ಎದುರು ಮನೆ ಆಂಟಿಗೆ ನಾನು ಎಷ್ಟು ಹೇಳಿದರೂ ಉತ್ತರ ಒಂದೇ: "ಒಂದು ತುತ್ತು ಮೊಸರನ್ನಕ್ಕೆ ಏನಾಗುತ್ತೆ ಕಣೇ? ಬರೀ ಹುಲ್ಲು ತಿಂದು ಹೆಂಗೆ ಇರುತ್ತೆ ಪಾಪ?" ಅವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ. ಅವರಿಗೆ ಕೊಡಲು ಏನಾದರೂ ಬೇಕು, ಅಷ್ಟೇ. ಆದ್ದರಿಂದ ನಾನು ಕೊಡಬಹುದಾದದ್ದನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ "ಇದು ನಿಮ್ಮ ಕೈಯಿಂದ ಕೊಡೋಕೆ ಆಂಟಿ" ಎಂದು ಒಪ್ಪಿಸುತ್ತೇನೆ: ಹೆಬ್ಬೆರಳಿನ ಉಗುರಿನಷ್ಟು ಸೇಬಿನ ಚೂರು, ಬೀಜ ತೆಗೆದದ್ದು, ದಿನಕ್ಕೊಂದು. ಅಂದಿನಿಂದ ಮೊಸರನ್ನದ ಮಾತು ಬಂದಿಲ್ಲ.

ಉಳಿದದ್ದು ಲೆಕ್ಕ. ಊಟದ ಶೇಕಡಾ 80ಕ್ಕಿಂತ ಹೆಚ್ಚು ಒಣಹುಲ್ಲೇ ಆಗಿರಬೇಕು, ಅದು ಯಾವ ಹೊತ್ತಿನಲ್ಲೂ ಬುಟ್ಟಿಯಲ್ಲಿ ಖಾಲಿಯಾಗಬಾರದು. ಟಿಮೊಥಿ ಆಗಲಿ, ರೋಡ್ಸ್ ಹುಲ್ಲಾಗಲಿ, ಒಣಗಿಸಿದ ಗರಿಕೆಯಾಗಲಿ, ನಿಮ್ಮ ಮೊಲಕ್ಕೆ ಯಾವುದು ರೂಢಿಯೋ ಅದನ್ನೇ ಕೊಂಡು ತುಂಬಿಸಿ. ದಿನಕ್ಕೆ ಮೊಲದ ಗಾತ್ರದಷ್ಟು ಹುಲ್ಲು ಎಂದು ಅಂದಾಜಿಟ್ಟು, ಮೂರ್ನಾಲ್ಕು ದಿನಕ್ಕಾಗುವಷ್ಟು ಹೆಚ್ಚಿಗೆ ಇರಲಿ. ಕುದುರೆ ಮಸಾಲೆ ಎಂದು ಕರೆಯುವ ಲೂಸರ್ನ್ ಸೊಪ್ಪು ಅಗ್ಗಕ್ಕೆ ಸಿಗುತ್ತದೆಂದು ಅದನ್ನೇ ತಂದಿಡಬೇಡಿ. ಅದು ಮರಿಗಳಿಗೆ ಸರಿ, ದೊಡ್ಡವಕ್ಕೆ ಅದರ ಕ್ಯಾಲ್ಸಿಯಂ ಅತಿಯಾಗುತ್ತದೆ. ಹಸಿ ಗರಿಕೆ ಪೂಜೆಯ ಹೂವಿನ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುತ್ತದೆ, ತೊಳೆದು ನೀರು ಬಸಿದು ಕೊಟ್ಟರೆ ಹಬ್ಬ. ರಸ್ತೆ ಬದಿಯದು, ಪಾರ್ಕಿನದು ಬೇಡ. ನಾಯಿ ಉಚ್ಚೆಯೋ ಕಳೆನಾಶಕವೋ ಏನಿದೆ ಎಂದು ಗೊತ್ತಾಗುವುದಿಲ್ಲ.

ಪೆಲೆಟ್ ದಿನಕ್ಕೆ ಒಂದು ಕಿಲೋ ತೂಕಕ್ಕೆ 20ರಿಂದ 25 ಗ್ರಾಂ. ಎರಡು ಕಿಲೋ ಮೊಲಕ್ಕೆ 50 ಗ್ರಾಂ ದಾಟಬಾರದು. ಇದನ್ನು ಅವರ ಅಂದಾಜಿಗೆ ಬಿಟ್ಟರೆ ಬಟ್ಟಲು ತುಂಬಿ ತುಳುಕುತ್ತದೆ, ಮೊಲ ಹುಲ್ಲು ಬಿಟ್ಟು ಅದನ್ನೇ ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಜಿಪ್ ಕವರಿನಲ್ಲಿ ಹೊತ್ತಿಗೊಂದರಂತೆ ತೂಗಿ ತುಂಬಿಸಿ "ಸೋಮ ಬೆಳಿಗ್ಗೆ", "ಸೋಮ ಸಂಜೆ" ಎಂದು ಮಾರ್ಕರ್‌ನಲ್ಲಿ ಬರೆದುಬಿಡಿ. ಇದರಿಂದ ಇನ್ನೊಂದು ಲಾಭ: ಯಾವ ಕವರ್ ಉಳಿದಿದೆ ಎಂದು ನೋಡಿದರೆ ಯಾವ ಹೊತ್ತು ತಪ್ಪಿದೆ ಎಂದು ಗೊತ್ತಾಗುತ್ತದೆ.

ಸೊಪ್ಪು ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ. ಕೊತ್ತಂಬರಿ, ಪುದೀನ, ಮೆಂತ್ಯ, ಮೂಲಂಗಿ ಸೊಪ್ಪು, ತುಳಸಿ ಎಲ್ಲ ಆಗುತ್ತದೆ. ಪಾಲಕ್ ದಿನಾ ಬೇಡ. ಕ್ಯಾರೆಟ್ ಸಿಹಿ, ಅದು ಮಿಠಾಯಿಯ ಲೆಕ್ಕ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಕೊಡಲೇಬಾರದು. ಅನ್ನ, ಚಪಾತಿ, ಬ್ರೆಡ್, ಬಿಸ್ಕತ್ತು, ಕಾಳುಕಡ್ಡಿ ಕೂಡ. ನೀವಿಲ್ಲದ ದಿನಗಳಲ್ಲಿ ಹೊಸ ಸೊಪ್ಪು ಯಾವುದನ್ನೂ ಪ್ರಯೋಗ ಮಾಡುವುದು ಬೇಡ.

ನೀರು ಒಂದು ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 150 ಮಿಲಿ ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಉರುಳದ ಭಾರದ ಪಿಂಗಾಣಿ ಬಟ್ಟಲು ಎರಡಿಡಿ. ತೂಗುಹಾಕುವ ಬಾಟಲಿಯಾದರೆ, ಕೊಳವೆಯ ಗುಂಡು ಸಿಕ್ಕಿಕೊಂಡು ನೀರು ನಿಂತರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಪೆಲೆಟ್ ಬಟ್ಟಲಿಗೆ ಇರುವೆ ಬಂದರೆ ಅದನ್ನು ನೀರಿನ ತಟ್ಟೆಯೊಳಗೆ ಇಡಲು ಹೇಳಿ. ಇರುವೆಗೆ ಎಳೆಯುವ ವಿಷದ ಸೀಮೆಸುಣ್ಣವನ್ನು ಬೀರುವಿನಲ್ಲಿ ಮುಚ್ಚಿಟ್ಟು ಹೋಗಿ, ಜೊತೆಗೆ ಗುಡ್‌ನೈಟ್ ಕಾಯಿಲ್, ನುಸಿಗುಳಿಗೆ, ಫಿನಾಯಿಲನ್ನೂ.

ಫ್ರಿಜ್ಜಿನ ಮೇಲೆ ಅಂಟಿಸುವ ಹಾಳೆ

ವಾಟ್ಸ್ಯಾಪ್‌ನಲ್ಲಿ ಉದ್ದಕ್ಕೆ ಬರೆದದ್ದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಒಂದೇ ಪುಟ, ದಪ್ಪ ಅಕ್ಷರ, ಕನ್ನಡದಲ್ಲಿ. ನಮ್ಮ ಮನೆಯ ಗುಂಡನಿಗೆ ಬರೆದದ್ದು ಹೀಗಿದೆ:

*ಬೆಳಿಗ್ಗೆ 7ರಿಂದ 8. ಒಳಗೆ ಬಂದು ಬಾಗಿಲು ಹಾಕಿಕೊಳ್ಳಿ, ಅವನು ಕಾಲಡಿಗೆ ಓಡಿಬರುತ್ತಾನೆ. ಮೊದಲು ಟ್ರೇ ನೋಡಿ, ಫೋಟೋ ತೆಗೆದು ಕಳಿಸಿ, ಆಮೇಲೆ ಖಾಲಿ ಮಾಡಿ. ಹಳೇ ಹುಲ್ಲು ತೆಗೆದು ಹೊಸದು ತುಂಬಿ. ನೀರು ಚೆಲ್ಲಿ ಬಟ್ಟಲು ತೊಳೆದು ಹೊಸ ನೀರು. ಇವತ್ತಿನ ಕವರ್ ಪೆಲೆಟ್. ಒಂದು ಹಿಡಿ ಸೊಪ್ಪು. ಪೆಲೆಟ್ ಹಾಕಿದ ಕೂಡಲೇ ತಿನ್ನಲು ಶುರು ಮಾಡಿದನಾ ನೋಡಿ. ಇಲ್ಲ ಎಂದರೆ ಕೂಡಲೇ ಫೋನ್ ಮಾಡಿ.*

*ಸಂಜೆ 6ರಿಂದ 7. ಎಲ್ಲ ಅದೇ. ಅರ್ಧ ಗಂಟೆ ಹಾಲ್‌ನಲ್ಲಿ ಓಡಾಡಲು ಬಿಡಿ. ಬಾಲದ ಕೆಳಗೆ ಒದ್ದೆ, ಗಲೀಜು, ಹುಳು ಇದೆಯಾ ನೋಡಿ. ಬಾಲ್ಕನಿ ಬಾಗಿಲು ಹಾಕಿ. ಫ್ಯಾನ್ 2ರಲ್ಲಿ ಇರಲಿ. ಟಿವಿ ಹಿಂದಿನ ವೈರ್‌ಗೆ ಅಡ್ಡ ಇಟ್ಟ ಹಲಗೆ ತೆಗೆಯಬೇಡಿ.*

*ತಿನ್ನುತ್ತಿಲ್ಲ ಅಥವಾ ಟ್ರೇ ಖಾಲಿ: ಕಾಯಬೇಡಿ, ಕ್ಯಾರಿಯರ್ ಶೂ ರ‍್ಯಾಕ್ ಮೇಲಿದೆ, ಡಾಕ್ಟರ ನಂಬರ್ ಕೆಳಗಿದೆ.*

ಇದರ ಕೆಳಗೆ ಡಾಕ್ಟರು, ರಾತ್ರಿ ಆಸ್ಪತ್ರೆ, ಬೀಗದ ಇನ್ನೊಂದು ಕೈ ಇರುವ ಮನೆ, ನಿಮ್ಮ ಮತ್ತು ಮನೆಯ ಇನ್ನೊಬ್ಬರ ನಂಬರ್. ಬರೆಯಬಾರದ ಎರಡು ಔಷಧಿಗಳ ಹೆಸರು ಕೆಂಪಕ್ಷರದಲ್ಲಿ. ಬೇರೇನೂ ಬೇಡ. ಗುಂಡನಿಗೆ ಯಾವ ಹಾಡು ಇಷ್ಟ ಎಂಬುದನ್ನು ಫೋನಲ್ಲಿ ಹೇಳಬಹುದು.

ಯಾವ ಕಾಲದಲ್ಲಿ ಹೊರಡುತ್ತಿದ್ದೀರಿ?

ಬೇಸಿಗೆ ರಜೆ ಎಲ್ಲಕ್ಕಿಂತ ಕಠಿಣ. ಮೊಲಕ್ಕೆ ಬೆವರುವುದಕ್ಕೆ ಬರುವುದಿಲ್ಲ, ಕಿವಿಯ ಮೂಲಕವೇ ಮೈ ತಂಪು ಮಾಡಿಕೊಳ್ಳಬೇಕು. ಕೋಣೆ 28, 30 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ. ಬೆಂಗಳೂರು ತಂಪು ಎನ್ನುವವರು 2016ರ ಏಪ್ರಿಲ್‌ನಲ್ಲಿ ಇಲ್ಲೇ 39 ಡಿಗ್ರಿ ದಾಟಿದ್ದನ್ನು ನೆನಪು ಮಾಡಿಕೊಳ್ಳಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯವರಿಗೆ ಇದನ್ನು ಹೇಳಬೇಕಿಲ್ಲ. ಮೇಲಿನ ಮಹಡಿಯ ಪಶ್ಚಿಮದ ಕೋಣೆ ಬೇಡ, ಮನೆಯಲ್ಲಿ ಅತಿ ತಂಪಾದ ಕೋಣೆಯ ಬರಿ ನೆಲದ ಮೇಲೆ ಗೂಡಿರಲಿ. ಫ್ರೀಜರ್‌ನಲ್ಲಿ ನಾಲ್ಕು ನೀರಿನ ಬಾಟಲಿ ಹೆಪ್ಪುಗಟ್ಟಿಸಿಟ್ಟು, ಹಳೇ ಟವೆಲ್ ಸುತ್ತಿ ಮೊಲದ ಪಕ್ಕ ಇಡಲು ಹೇಳಿ. ಕರೆಂಟಿಲ್ಲದಾಗಲೂ ಅದು ಕೆಲಸ ಮಾಡುತ್ತದೆ. ಮಧ್ಯಾಹ್ನಕ್ಕೆ ಮೂರನೇ ಸಲ ಬರಲು ಸಾಧ್ಯವೇ ಕೇಳಿ. ಮೊಲ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಕಿವಿ ಕೆಂಪಾಗಿ ಸುಡುತ್ತಿದ್ದರೆ, ಸಾಮಾನ್ಯ ನೀರಿನಲ್ಲಿ ಕಿವಿ ಒದ್ದೆ ಮಾಡಿ ಡಾಕ್ಟರ ಬಳಿ ಓಡಬೇಕು. ಐಸ್ ನೀರಿನಲ್ಲಿ ಅದ್ದಬಾರದು, ಆ ಆಘಾತವನ್ನೇ ಅದು ತಡೆಯದು.

ಮಳೆಗಾಲದಲ್ಲಿ ಎರಡು ಕಾಟ. ಒಣಹುಲ್ಲು ಮುಗ್ಗುತ್ತದೆ, ಅದರ ಬೂಷ್ಟು ಒಳ್ಳೆಯದಲ್ಲ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆಲದಿಂದ ಎತ್ತರಕ್ಕೆ ಇಡಿ. ಇನ್ನೊಂದು ನೊಣ. ಮೊಲದ ಹಿಂಭಾಗ ಒದ್ದೆಯಾಗಿದ್ದರೆ ನೊಣ ಮೊಟ್ಟೆಯಿಡುತ್ತದೆ, ಒಂದು ದಿನದೊಳಗೆ ಹುಳುವಾಗಿ ಚರ್ಮ ತಿನ್ನಲು ಶುರು ಮಾಡುತ್ತದೆ. ಹಾಳೆಯಲ್ಲಿ "ಬಾಲದ ಕೆಳಗೆ ನೋಡಿ" ಎಂದದ್ದು ಅದಕ್ಕೆ. ಕರಾವಳಿ ಮತ್ತು ಮಲೆನಾಡಿನವರು ಇದನ್ನು ಬೆಳಿಗ್ಗೆಯೂ ನೋಡಿಸಿ.

ದೀಪಾವಳಿಗೆ ಹೊರಡುವುದೇ ಬೇಡ ಎನ್ನುತ್ತೇನೆ. ಹೋಗಲೇಬೇಕಾದರೆ ಉಳಿಯುವವರೇ ಬೇಕು, ಬಂದು ಹೋಗುವವರು ಸಾಲದು. ಒಳಕೋಣೆ, ಮುಚ್ಚಿದ ಕಿಟಕಿ, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬಿ. ಪಟಾಕಿಯ ರಾತ್ರಿಯ ಮರುದಿನ ಬೆಳಿಗ್ಗೆ ಟ್ರೇ ನೋಡುವುದು ಎಂದಿಗಿಂತ ಮುಖ್ಯ.

ನೀವಿಲ್ಲದ ವಾರ ಅಪಾರ್ಟ್‌ಮೆಂಟಿನಲ್ಲಿ ಪೆಸ್ಟ್ ಕಂಟ್ರೋಲ್ ಇದೆಯೇ ಎಂದೂ ಅಸೋಸಿಯೇಷನ್‌ನವರನ್ನು ಕೇಳಿಡಿ.

ಬೋರ್ಡಿಂಗ್‌ನಲ್ಲಿ ಬಿಡುವುದಾದರೆ

ಹೋಗಿ ನೋಡದೆ ಬುಕ್ ಮಾಡಬೇಡಿ. ಒಳಗೆ ಹೋದ ಕೂಡಲೇ ಕಿವಿಗೊಡಿ: ಮೊಲ ಇಡುವ ಕೋಣೆಗೆ ನಾಯಿ ಬೊಗಳುವುದು ಕೇಳುತ್ತದೆಯೇ? ಕೇಳಿದರೆ ಅಲ್ಲಿಗೆ ಮುಗಿಯಿತು, ಮೊಲ ಹಗಲಿಡೀ ಹೆದರಿ ಕೂರುತ್ತದೆ. "ಏನು ತಿನ್ನಿಸ್ತೀರಿ?" ಎಂದು ಕೇಳಿ. ಮೊದಲ ಮಾತು ಹುಲ್ಲು ಎಂದಾದರೆ ಕುಳಿತು ಮಾತಾಡಿ, ಕ್ಯಾರೆಟ್ ಎಂದಾದರೆ ಎದ್ದು ಬನ್ನಿ. ರಾತ್ರಿ ಮನುಷ್ಯರು ಇರುತ್ತಾರೆಯೇ, ನಿಮ್ಮದೇ ಹುಲ್ಲು, ಟ್ರೇ, ಹಾಸು ಬಳಸುತ್ತಾರೆಯೇ, ತಂತಿ ನೆಲದ ಪಂಜರವೋ ಗಟ್ಟಿ ನೆಲವೋ, ಮಧ್ಯೆ ಕಾಯಿಲೆಯಾದರೆ ಯಾವ ಡಾಕ್ಟರು. ತಂತಿ ನೆಲದ ಮೇಲೆ ದಿನಗಟ್ಟಲೆ ಕೂತರೆ ಅಂಗಾಲು ಹುಣ್ಣಾಗುತ್ತದೆ. ಬಿಡುವಾಗ ಬಳಸಿದ, ತೊಳೆಯದ ಒಂದು ಹಾಸನ್ನು ಜೊತೆಗೆ ಕೊಡಿ, ತನ್ನ ವಾಸನೆ ಇದ್ದರೆ ಬೇಗ ಒಗ್ಗುತ್ತದೆ.

ಜೊತೆಗೇ ಕರೆದುಕೊಂಡು ಹೋಗುವುದು

ಊರಿಗೆ ತಿಂಗಳುಗಟ್ಟಲೆ ಹೋಗುವವರಿಗೆ ಇದು ಸರಿ, ಮೂರು ದಿನದ ಪ್ರವಾಸಕ್ಕಲ್ಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಮೊಲಕ್ಕೂ ಟಿಕೆಟ್ ಹರಿಯುತ್ತಾರೆ ನಿಜ, ಆದರೆ ಆ ಸದ್ದು, ಸೆಕೆ, ನೂಕುನುಗ್ಗಲಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕಾರೇ ವಾಸಿ. ಬೆಳಗಿನ ಜಾವ ಹೊರಡಿ. ಗಟ್ಟಿ ಕ್ಯಾರಿಯರ್, ಒಳಗೆ ಜಾರದಂತೆ ಟವೆಲ್, ಕೈತುಂಬ ಹುಲ್ಲು, ಸೀಟ್‌ಬೆಲ್ಟ್‌ಗೆ ಬಿಗಿದು. ಎಸಿ ಗಾಳಿ ನೇರ ಮುಖಕ್ಕೆ ಬೇಡ. ಒಂದೆರಡು ಗಂಟೆಗೊಮ್ಮೆ ನಿಲ್ಲಿಸಿ ನೀರು ತೋರಿಸಿ. ಕುಡಿಯದಿದ್ದರೆ ನೀರು ಸವರಿದ ಕೊತ್ತಂಬರಿ ಕೊಡಿ. ತಿಂಡಿಗೆ ಇಳಿದಾಗ ಒಬ್ಬರು ಕಾರಿನಲ್ಲೇ ಕೂರಬೇಕು, ನಿಂತ ಕಾರು ಹತ್ತು ನಿಮಿಷಕ್ಕೆ ಒಲೆಯಾಗುತ್ತದೆ.

ಊರಿನ ಮನೆಯಲ್ಲಿ ಅಪಾಯ ಬೇರೆ ತರದ್ದು: ಕೊಟ್ಟಿಗೆಯ ಬೆಕ್ಕು, ಅಂಗಳದ ನಾಯಿ, ಮುಂಗುಸಿ, ಹಾವು, ತೋಟಕ್ಕೆ ಹೊಡೆದ ಔಷಧಿ. ಅಂಗಳದಲ್ಲಿ ಬಿಡುವ ಆಸೆ ಬೇಡ, ಒಂದು ಕೋಣೆಯ ಒಳಗೇ ಇರಲಿ. ಅಜ್ಜಿ "ಹೊರಗೆ ಬಿಡೇ, ಹುಲ್ಲು ಮೇಯ್ಲಿ" ಎಂದು ಹೇಳಿಯೇ ಹೇಳುತ್ತಾರೆ.

ಹೋದ ಮೇಲೆ, ಬಂದ ಮೇಲೆ

ದಿನಾ ಬರುವ ಫೋಟೋಗಳಲ್ಲಿ ಮೊಲದ ಮುದ್ದು ಮುಖಕ್ಕಿಂತ ಟ್ರೇ ನೋಡಿ. ಎರಡು ದಿನದ ಟ್ರೇ ಚಿತ್ರ ಪಕ್ಕಪಕ್ಕ ಇಟ್ಟರೆ ನೂರು ಕಿಲೋಮೀಟರ್ ದೂರದಿಂದಲೂ ನಿಮಗೆ ಹೇಳಲು ಬರುತ್ತದೆ. ದಿನಕ್ಕೆ ಹತ್ತು ಸಲ ಫೋನ್ ಮಾಡಿ ಅವರ ತಲೆ ತಿನ್ನಬೇಡಿ, ನಿಗದಿಯಾದ ಎರಡು ಹೊತ್ತು ಸಾಕು. ಆ ಹೊತ್ತಿಗೆ ಫೋಟೋ ಬರದಿದ್ದರೆ ಮಾತ್ರ ಸುಮ್ಮನಿರಬೇಡಿ, ಎರಡನೇ ಬೀಗದ ಕೈ ಇರುವವರಿಗೆ ಹೇಳಿ.

ವಾಪಸು ಬಂದ ದಿನ ಮೊಲ ನಿಮ್ಮನ್ನು ಕಂಡು ಬೆನ್ನು ತಿರುಗಿಸಿ ಕೂರಬಹುದು, ಹಿಂಗಾಲು ನೆಲಕ್ಕೆ ಬಡಿಯಬಹುದು. ಕೋಪ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಸಮಾಧಾನಕ್ಕೆಂದು ಬಾಳೆಹಣ್ಣು ತಿನ್ನಿಸಬೇಡಿ. ತೂಕ ಮಾಡಿ, ಹೋಗುವ ಮೊದಲು ಬರೆದಿಟ್ಟ ಅಂಕಿಗೆ ಹೋಲಿಸಿ. ಎರಡು ಕಿಲೋ ಮೊಲ 200 ಗ್ರಾಂ ಇಳಿದಿದ್ದರೆ ಡಾಕ್ಟರಿಗೆ ತೋರಿಸಿ.

ನೋಡಿಕೊಂಡವರು ಸ್ನೇಹಿತರಾದರೂ ತಮ್ಮ ಕೈಯಿಂದ ಖರ್ಚು ಮಾಡಿದ ಸೊಪ್ಪಿನ ದುಡ್ಡು, ಆಟೋ ದುಡ್ಡು ಬಂದ ದಿನವೇ ಕೊಟ್ಟುಬಿಡಿ, ಮೈಸೂರುಪಾಕಿನ ಡಬ್ಬಿ ಅದರ ಮೇಲೆ. ಹಾಗೇ ಕೂತು, ಹಾಳೆಯಲ್ಲಿ ಯಾವುದು ಅರ್ಥವಾಗಲಿಲ್ಲ, ಯಾವ ಕೆಲಸ ಕೈಗೆ ಬಾರಲಿಲ್ಲ ಎಂದು ಕೇಳಿ. ನಮ್ಮ ಆಂಟಿ ಹೇಳಿದ್ದು, ಸೊಪ್ಪು ತೊಳೆದ ಮೇಲೆ ಎಷ್ಟು ಹೊತ್ತು ಬಸಿಯಬೇಕು ಅಂತ ಬರೆದೇ ಇಲ್ಲವಲ್ಲೇ ಎಂದು. ಈಗ ಅದೂ ಹಾಳೆಯಲ್ಲಿದೆ: ಜಾಲರಿಯಲ್ಲಿ ಹತ್ತು ನಿಮಿಷ.